ತುಂಬ ಭಾರ ಹೇರಿದ ಕ್ಯಾಂಪರ್ ವ್ಯಾನಿನ ಹಿಂಭಾಗ ಕುಸಿಯುತ್ತಿದೆ. ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಸಾಕೇ?

ಸಾಲದು. ಲೀಫ್ ಸ್ಪ್ರಿಂಗ್ (ಕಮಾನು ಪಟ್ಟಿ) ಇರುವ ವ್ಯಾನಿಗೆ ಪಟ್ಟಿಯ ಜೊತೆ ಏರ್ ಬೆಲೋಸ್, ಅಂದರೆ ಗಾಳಿ ತುಂಬುವ ರಬ್ಬರ್ ಚೀಲ, ಹಾಕಿಸಿ. ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಅದರ ಕುಣಿತವನ್ನಷ್ಟೇ ತಡೆಯುತ್ತದೆ. ಚಾಸಿಗೂ (ಗಾಡಿಯ ಚೌಕಟ್ಟು) ಆಕ್ಸಲ್‌ಗೂ (ಚಕ್ರಗಳ ಅಚ್ಚು) ನಡುವೆ ಕೂರುವ ಚೀಲ ಆ ಭಾರದಲ್ಲಿ ಪಾಲು ಹೊತ್ತು ಹಿಂಭಾಗವನ್ನು ಎತ್ತುತ್ತದೆ.

ಎಡ, ಬಲ ಚೀಲಗಳಿಗೆ ಬೇರೆ ಬೇರೆ ವಾಲ್ವ್ ಇರಲೇಬೇಕು. ಒಂದೇ ಪೈಪಿಗೆ ಸೇರಿಸಿದರೆ ತಿರುವಿನಲ್ಲಿ ಒತ್ತಡ ಬಿದ್ದ ಚೀಲದ ಗಾಳಿ ಇನ್ನೊಂದಕ್ಕೆ ಹರಿದು ವ್ಯಾನ್ ಇನ್ನಷ್ಟು ವಾಲುತ್ತದೆ. ಗಾಡಿ ಖಾಲಿ ಇದ್ದಾಗಲೂ ಕಿಟ್‌ನಲ್ಲಿ ಹೇಳಿರುವ ಕನಿಷ್ಠ ಗಾಳಿ ಇರಲಿ; ಇಲ್ಲದಿದ್ದರೆ ರಬ್ಬರ್ ಮಡಿಕೆಯಲ್ಲಿ ಉಜ್ಜಿ ಹರಿಯುತ್ತದೆ.

ಬಹಳ ಜನ ಮರೆಯುವುದು ಬ್ರೇಕನ್ನು. ಕೆಲವು ವ್ಯಾನ್‌ಗಳಲ್ಲಿ ಚಾಸಿ ಮತ್ತು ಆಕ್ಸಲ್ ನಡುವಿನ ಅಂತರ ನೋಡಿ ಹಿಂದಿನ ಬ್ರೇಕಿನ ಒತ್ತಡ ನಿರ್ಧರಿಸುವ ವಾಲ್ವ್ ಇರುತ್ತದೆ. ಹಿಂಭಾಗ ಎತ್ತರವಾದರೆ ಅದಕ್ಕೆ ಗಾಡಿ ಖಾಲಿ ಇದ್ದಂತೆ. ಹಿಂದಿನ ಬ್ರೇಕಿನ ಒತ್ತಡ ತಗ್ಗಿಬಿಡುತ್ತದೆ. ಕಿಟ್ ಹಾಕಿದ ದಿನವೇ ಆ ವಾಲ್ವನ್ನು ಹೊಂದಿಸಿ.

ಚೀಲದಿಂದ ಆಕ್ಸಲ್‌ನ ತೂಕದ ಮಿತಿ ಹೆಚ್ಚುವುದಿಲ್ಲ. ವೇಬ್ರಿಡ್ಜ್ ಮೇಲೆ ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿ. ಹಿಂದಿನ ಚಕ್ರಗಳಿಗಿಂತ ಹಿಂದೆ 100 ಲೀಟರ್ ನೀರಿಟ್ಟರೆ ಆ ಆಕ್ಸಲ್ ಮೇಲೆ 100 ಕೆಜಿಗಿಂತ ಹೆಚ್ಚೇ ಬೀಳುತ್ತದೆ; ಮಿತಿ ದಾಟಿದ್ದರೆ ಮೊದಲು ಟ್ಯಾಂಕನ್ನು ಮುಂದಕ್ಕೆ ಸರಿಸಿ.