‘ಎಲ್ಲರೂ ಹಾಗೆಯೇ ಹೇಳುತ್ತಾರೆ’

ಗೋಣಿಕೊಪ್ಪದ ಓದುಗರೊಬ್ಬರು ಬರೆದಿದ್ದಾರೆ: “ಗಲ್ಲು ಶಿಕ್ಷೆ ಬಿದ್ದವರೆಲ್ಲ ‘ನಾನು ಮಾಡಿಲ್ಲ’ ಎನ್ನುತ್ತಾರೆ. ಮೇಲ್ಮನವಿ, ಮರುಪರಿಶೀಲನೆ, ಕ್ಷಮಾದಾನ ಎಂದು ವರ್ಷಗಟ್ಟಲೆ ಎಳೆಯುವುದು ಸತ್ತವರ ಮನೆಯವರಿಗೆ ಮಾಡುವ ಅನ್ಯಾಯವಲ್ಲವೇ?”

ಸಂಪಾದಕರ ಉತ್ತರ:

ಸತ್ತವರ ಮನೆಯವರ ಸಂಕಟದ ಬಗ್ಗೆ ನನ್ನದೇನೂ ತಕರಾರಿಲ್ಲ. ‘ಎಲ್ಲರೂ ಹಾಗೆಯೇ ಹೇಳುತ್ತಾರೆ’ ಎಂಬ ಧಾಟಿಗೆ ಮಾತ್ರ ತಕರಾರಿದೆ.

ದೂರ ಹೋಗುವುದು ಬೇಡ. ಕುಶಾಲನಗರದ ಕಡೆಯ ಆದಿವಾಸಿ ಕೂಲಿಕಾರನೊಬ್ಬ ಹೆಂಡತಿಯನ್ನು ಕೊಂದ ಆರೋಪ ಹೊತ್ತು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದದ್ದು ನಿಮಗೂ ನೆನಪಿರಬೇಕು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದು ಆರೋಪಪಟ್ಟಿ ಹೇಳಿತ್ತು. ಡಿಎನ್‌ಎ ಹೊಂದಲಿಲ್ಲ, ಆದರೂ ಮೊಕದ್ದಮೆ ನಡೆಯುತ್ತಲೇ ಇತ್ತು. 2025ರ ಏಪ್ರಿಲ್‌ನಲ್ಲಿ ಆಕೆ ನಮ್ಮ ಮಡಿಕೇರಿಯ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಗುರುತಿನವರ ಕಣ್ಣಿಗೆ ಬಿದ್ದಳು. ಆತನಿಗೆ ಇನ್ನೂ ಶಿಕ್ಷೆಯಾಗಿರಲಿಲ್ಲ, ನಿಜ. ಆದರೆ ಕೊಲೆಗೆ ಕಾನೂನಿನಲ್ಲಿರುವುದು ಎರಡೇ ಶಿಕ್ಷೆ: ಜೀವಾವಧಿ, ಇಲ್ಲವೇ ಮರಣದಂಡನೆ. ಆ ಮಧ್ಯಾಹ್ನ ಆಕೆ ಬೇರೆ ಊರಿನಲ್ಲಿ ಉಂಡಿದ್ದರೆ? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಇನ್ನು ನೀವು ‘ಎಳೆಯುವುದು’ ಎಂದದ್ದು. ಸೆಷನ್ಸ್ ನ್ಯಾಯಾಲಯ ವಿಧಿಸಿದ ಗಲ್ಲು ಹೈಕೋರ್ಟ್ ದೃಢೀಕರಿಸುವ ತನಕ ಜಾರಿಯಾಗುವಂತಿಲ್ಲ. ಕೈದಿ ಬಾಯಿ ಬಿಡದಿದ್ದರೂ ಕಡತ ಬೆಂಗಳೂರಿಗೆ ಹೋಗಲೇಬೇಕು. ಅಲ್ಲಿ ಸಾಕ್ಷ್ಯವನ್ನು ಮೊದಲಿನಿಂದ ತೂಗುತ್ತಾರೆ; ಬೇಕೆನಿಸಿದರೆ ಹೊಸ ಸಾಕ್ಷ್ಯವನ್ನೂ ಪಡೆಯಬಹುದು. ಅಲ್ಲಿಂದ ಮುಂದೆ ಬಾಗಿಲು ಕಿರಿದಾಗುತ್ತ ಹೋಗುತ್ತದೆ. ಗಲ್ಲಿನ ಪ್ರಕರಣಗಳ ಮರುಪರಿಶೀಲನಾ ಅರ್ಜಿಯನ್ನು, ಅಂದರೆ ಸುಪ್ರೀಂ ಕೋರ್ಟ್ ತನ್ನದೇ ತೀರ್ಪನ್ನು ಮತ್ತೊಮ್ಮೆ ನೋಡಲಿ ಎಂಬ ಕೋರಿಕೆಯನ್ನು, ತೆರೆದ ನ್ಯಾಯಾಲಯದಲ್ಲಿ ಮೂವರು ನ್ಯಾಯಮೂರ್ತಿಗಳು ಕೇಳಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೇ 2014ರಲ್ಲಿ. ಅದಕ್ಕೆ ಮೊದಲು ಸಾಮಾನ್ಯವಾಗಿ ಕೊಠಡಿಯೊಳಗೆ ಕಾಗದ ತಿರುವಿ ಮುಗಿಸುತ್ತಿದ್ದರು.

ಆ ಕಿರುಬಾಗಿಲಿನಿಂದಲೇ ಆರು ಮಂದಿ ಹೊರಬಂದರು. ಮಹಾರಾಷ್ಟ್ರದ ನಾಸಿಕ್ ಕಡೆ 2003ರಲ್ಲಿ ನಡೆದ ಕೊಲೆ, ಅತ್ಯಾಚಾರದ ಪ್ರಕರಣ. ಆರೋಪಿಗಳು ಅಲೆಮಾರಿ ಸಮುದಾಯದವರು. ಹೈಕೋರ್ಟ್ ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟು ಆರೂ ಮಂದಿಗೆ ಗಲ್ಲು ಎಂದಿತು. ಅದೇ ನ್ಯಾಯಾಲಯ ಮರುಪರಿಶೀಲನೆಯಲ್ಲಿ ಆ ತೀರ್ಪನ್ನು ಹಿಂದಕ್ಕೆ ಪಡೆದು, 2019ರ ಮಾರ್ಚ್‌ನಲ್ಲಿ ಎಲ್ಲರನ್ನೂ ಖುಲಾಸೆಗೊಳಿಸಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬದುಕುಳಿದಿದ್ದ ಮಹಿಳೆ ಪೊಲೀಸರು ತೋರಿಸಿದ ಫೋಟೊಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ಬೆನ್ನು ಯಾರೂ ಹತ್ತಿರಲಿಲ್ಲ. ಸತ್ತವರ ಮನೆಗೆ ಆದ ಅನ್ಯಾಯವೆಂದರೆ ಇದೇ ಅಲ್ಲವೇ? ಗಲ್ಲನ್ನು ಬೇಗ ಹಾಕಿ ಮುಗಿಸಿದ್ದರೆ ಆ ಫೋಟೊಗಳ ಸುದ್ದಿಯೂ ಆರು ಮಂದಿಯ ಜೊತೆ ಮಣ್ಣಾಗುತ್ತಿತ್ತು.

ತಡಕ್ಕೆ ಮದ್ದು ಬೇಕು, ಒಪ್ಪುತ್ತೇನೆ. ಅದನ್ನು ಠಾಣೆಯಲ್ಲಿ, ಪ್ರಯೋಗಾಲಯದಲ್ಲಿ, ಬಡ ಆರೋಪಿಗೆ ಮೊದಲ ದಿನವೇ ಸಿಗಬೇಕಾದ ವಕೀಲರಲ್ಲಿ ಹುಡುಕಿ. ‘ನಾನು ಮಾಡಿಲ್ಲ’ ಎನ್ನುವವನು ಸುಳ್ಳು ಹೇಳುತ್ತಿರಬಹುದು. ಹೆಚ್ಚಿನವರು ಹೇಳುತ್ತಲೂ ಇರಬಹುದು. ಕಡತ ಓದದೆ ಅದು ತಿಳಿಯುವುದು ಹೇಗೆ?

ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇವೆ. ವಿಚಾರಣೆ ಇನ್ನೂ ಮುಗಿಯದ ಪ್ರಕರಣವೊಂದರ ಪ್ರಸ್ತಾಪ ಬರುವಲ್ಲಿ ನೀವು ‘ಕೊಲೆಗಾರ’ ಎಂದು ಬರೆದಿದ್ದೀರಿ. ಅದೊಂದನ್ನು ‘ಆರೋಪಿ’ ಎಂದು ತಿದ್ದಿದ್ದೇನೆ.