ಮಂಪರಿನ ಚುಚ್ಚುಮದ್ದಿಗೆ ಹೆದರಬೇಡಿ
ಆಳಂದದಿಂದ ತಂದೆಯವರನ್ನು ಬ್ರಾಂಕೋಸ್ಕೋಪಿಗೆ (ಕ್ಯಾಮೆರಾ ಇರುವ ತೆಳು ನಳಿಕೆಯಿಂದ ಶ್ವಾಸನಾಳದ ಒಳಗೆ ನೋಡುವ ಪರೀಕ್ಷೆ) ಕಲಬುರಗಿಗೆ ಕರೆತರುತ್ತಿದ್ದೇನೆ, ಮಂಪರು ಬರಿಸಿದರೆ ಮತ್ತೆ ಎಚ್ಚರವಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಹೆದರಬೇಡಿ, ಇದು ಪೂರ್ಣ ಅರಿವಳಿಕೆಯಲ್ಲ. ಸಾಮಾನ್ಯವಾಗಿ ಮಿಡಜೋಲಾಮ್ ಎಂಬ ಮಂಪರಿನ ಮದ್ದನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ, ವಯಸ್ಸಾದವರಿಗೆ ಇನ್ನೂ ಕಡಿಮೆ. ಹೆಸರು ಹಿಡಿದು ಕರೆದರೆ ಕಣ್ಣು ತೆರೆಯುತ್ತಾರೆ, ಉಸಿರನ್ನು ತಾವೇ ಆಡುತ್ತಾರೆ. ಚಡಪಡಿಕೆ ತಗ್ಗುತ್ತದೆ, ಎಷ್ಟೋ ಜನರಿಗೆ ಆಮೇಲೆ ಏನಾಯಿತೆಂಬ ನೆನಪೇ ಇರುವುದಿಲ್ಲ.

ಗಮನವಿಡಬೇಕಾದ ಅಪಾಯವೆಂದರೆ ಉಸಿರಾಟ ನಿಧಾನವಾಗಿ ಆಮ್ಲಜನಕ ಇಳಿಯುವುದು. ಅದಕ್ಕೆಂದೇ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಮೂಗಿಗೆ ಆಮ್ಲಜನಕದ ನಳಿಕೆ ಇಡುತ್ತಾರೆ. ಮಿಡಜೋಲಾಮ್ ಹೆಚ್ಚಾದರೆ ಅದರ ಪ್ರಭಾವ ಇಳಿಸಲು ಫ್ಲುಮಾಜೆನಿಲ್ ಎಂಬ ಮದ್ದು ಇದೆ.

ನಿದ್ದೆಯಲ್ಲಿ ಉಸಿರು ಕಟ್ಟುವುದು, ರಕ್ತ ತೆಳುವಾಗಿಸುವ ಮಾತ್ರೆ, ಇವನ್ನು ಮೊದಲೇ ವೈದ್ಯರಿಗೆ ತಿಳಿಸಿ. ಹಸಿದಾರೆಂದು ಬೆಳಗ್ಗೆ ಅರ್ಧ ಜೋಳದ ರೊಟ್ಟಿಯನ್ನೂ ಕೊಡಬೇಡಿ. ಪರೀಕ್ಷೆಗೆ ಮುಂಚೆ 6 ಗಂಟೆ ಕಾಲ ಹೊಟ್ಟೆ ಖಾಲಿ ಇರಲೇಬೇಕು. ಮುಗಿದ ಮೇಲೂ ಮರಗಟ್ಟಿಸುವ ಮದ್ದಿನಿಂದಾದ ಗಂಟಲಿನ ಜೋಮು ಬಿಡುವವರೆಗೆ ನೀರು ಬೇಡ, ಶ್ವಾಸನಾಳಕ್ಕೆ ಇಳಿದೀತು. ವಾಪಸು ಹೋಗುವಾಗ ಬೈಕಿನ ಹಿಂದೆ ಕೂರಿಸದೆ ಕಾರು ಮಾಡಿಕೊಳ್ಳಿ.