ಪೈಲಟ್ ಕಣ್ಣೆದುರಿನ ಆ ಗಾಜು ಯಾವುದು?

ಪ್ರಶ್ನೆ: ವಿಮಾನದಿಂದ ಇಳಿಯುವಾಗ ಕಾಕ್‌ಪಿಟ್ ಬಾಗಿಲು ತೆರೆದಿತ್ತು. ಪೈಲಟ್ ಆಸನದ ಮುಂದೆ ಓರೆಯಾಗಿ ನಿಂತ ಪಾರದರ್ಶಕ ಗಾಜೊಂದು ಕಾಣಿಸಿತು. ಅದರ ಕೆಲಸವೇನು? ಮಂಗಳೂರಿನಂತಹ ಗುಡ್ಡದ ಮೇಲಿನ ರನ್‌ವೇಯಲ್ಲಿ ಇಳಿಯಲು ಅದು ನೆರವಾಗುತ್ತದೆಯೇ? - ಓದುಗರೊಬ್ಬರು, ಕುಂಬಳೆ

ಉತ್ತರ: ನೀವು ನೋಡಿದ್ದು ಹೆಡ್-ಅಪ್ ಡಿಸ್‌ಪ್ಲೇ, ಅಂದರೆ ಹಾರಾಟದ ಮಾಹಿತಿಯನ್ನು ಪೈಲಟ್ ಕಣ್ಣೆದುರೇ ಬಿಂಬವಾಗಿ ಮೂಡಿಸುವ ಗಾಜು. ಮುಸ್ಸಂಜೆ ಜಗಲಿಯ ಒಳಗೆ ದೀಪ ಹಚ್ಚಿ ಕಿಟಕಿಯ ಗಾಜಿನತ್ತ ನೋಡಿದರೆ, ಹೊರಗಿನ ಅಡಿಕೆ ತೋಟದ ನಡುವೆ ಆ ದೀಪ ತೂಗಾಡುತ್ತಿರುವಂತೆ ಕಾಣುತ್ತದಲ್ಲವೇ, ಮೂಲತತ್ತ್ವ ಅದೇ. ಆದರೆ ಕಿಟಕಿಯಲ್ಲಿ ದೀಪದ ಬಿಂಬ ಕೆಲವೇ ಅಡಿ ದೂರದಲ್ಲಿರುತ್ತದೆ. ಇಲ್ಲಿ ಮಸೂರಗಳು ಕಿರಣಗಳನ್ನು ಸಮಾಂತರಗೊಳಿಸುವುದರಿಂದ ಹಸಿರು ಗೆರೆ ಮತ್ತು ಅಂಕಿಗಳು ರನ್‌ವೇಯಷ್ಟೇ ದೂರದಲ್ಲಿರುವಂತೆ ತೋರುತ್ತವೆ. ಹಾಗಾಗಿ ವೇಗ, ಎತ್ತರಗಳನ್ನು ಓದಲು ಪೈಲಟ್ ತಲೆ ತಗ್ಗಿಸಬೇಕಿಲ್ಲ, ಹತ್ತಿರಕ್ಕೂ ದೂರಕ್ಕೂ ಕಣ್ಣನ್ನು ಮತ್ತೆ ಮತ್ತೆ ಹೊಂದಿಸಿಕೊಳ್ಳಬೇಕಿಲ್ಲ.

ನನ್ನ ದೃಷ್ಟಿಯಲ್ಲಿ ಇದರ ಅತ್ಯಮೂಲ್ಯ ಭಾಗವೆಂದರೆ ಎರಡು ಬದಿಗೆ ರೆಕ್ಕೆಗಳಿರುವ ಪುಟ್ಟ ವೃತ್ತ. ವಿಮಾನದ ಮೂತಿ ಎತ್ತ ತಿರುಗಿದೆ ಎಂಬುದನ್ನಲ್ಲ, ವಿಮಾನ ನಿಜವಾಗಿ ಎತ್ತ ಸಾಗುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಅಡ್ಡಗಾಳಿ ಬೀಸಿದಾಗ ಮೂತಿ ಒಂದು ಕಡೆ, ದಾರಿ ಇನ್ನೊಂದು ಕಡೆ ಆಗುವುದು ಸಹಜ. ವೃತ್ತವನ್ನು ರನ್‌ವೇ ಮೇಲಿನ ಇಳಿಯುವ ಗುರುತಿನ ಮೇಲಿಟ್ಟು, 3 ಡಿಗ್ರಿ ಇಳಿಜಾರನ್ನು ಸೂಚಿಸುವ ತುಂಡುಗೆರೆಯೂ ಅಲ್ಲೇ ಬೀಳುವಂತೆ ಸಾಗಿದರೆ ವಿಮಾನ ಸರಿಯಾದ ದಾರಿಯಲ್ಲಿದೆ ಎಂದರ್ಥ. ಆ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) ಸುಮಾರು 318 ಅಡಿ ಇಳಿಯಬೇಕಾಗುತ್ತದೆ.

ಮಂಗಳೂರಿನ ದೊಡ್ಡ ರನ್‌ವೇ 2,450 ಮೀಟರ್ ಉದ್ದವಿದ್ದು, ಸುತ್ತ ಕಣಿವೆಯಿದೆ. ಎಲ್ಲಿ ನೆಲ ಮುಟ್ಟುತ್ತೇವೆ ಎಂಬುದು ಅಲ್ಲಿ ಬಹಳ ಮುಖ್ಯ, ಏಕೆಂದರೆ ತಡವಾಗಿ ಮುಟ್ಟಿದಷ್ಟೂ ನಿಲ್ಲಿಸಲು ಉಳಿಯುವ ಜಾಗ ಕಡಿಮೆ. ಕತ್ತಲ ರಾತ್ರಿಯಲ್ಲಿ ರನ್‌ವೇ ದೀಪಗಳ ಹೊರತು ಬೇರೇನೂ ಕಾಣದಿದ್ದಾಗ, ತಾನು ಹೆಚ್ಚು ಎತ್ತರದಲ್ಲಿದ್ದೇನೆ ಎಂಬ ಭ್ರಮೆ ಪೈಲಟ್‌ಗೆ ಹುಟ್ಟಬಹುದು. ಹಾಗೆ ನಂಬಿ ಕೆಳಗಿಳಿದರೆ ಅಪಾಯ. ಗಾಜಿನ ಮೇಲಿನ ಗೆರೆಗೆ ಆ ಭ್ರಮೆಯಿಲ್ಲ. ಆದರೆ ಮಂಜು ಕವಿದಾಗ ಈ ಗಾಜೊಂದೇ ರನ್‌ವೇಯನ್ನು ಕಾಣಿಸಲಾರದು. ಅದಕ್ಕೆ ಇನ್‌ಫ್ರಾರೆಡ್ ಕ್ಯಾಮೆರಾದ ಚಿತ್ರವೂ ಬೇಕು.

ಬೋಯಿಂಗ್ 787ರಲ್ಲಿ ಇಬ್ಬರು ಪೈಲಟ್‌ಗಳಿಗೂ ಈ ಗಾಜು ಇರುತ್ತದೆ. ನಮ್ಮ ತೇಜಸ್ ಯುದ್ಧವಿಮಾನಕ್ಕಾಗಿ ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ ಇದನ್ನು ರೂಪಿಸಿದೆ. ಗಾಜಿಲ್ಲದ ವಿಮಾನದ ಪೈಲಟ್‌ಗೆ ರನ್‌ವೇ ಪಕ್ಕದ, ಇಳಿಯುವ ದಾರಿಯ ಎತ್ತರ ಸರಿಯಿದೆಯೇ ಎಂದು ತಿಳಿಸುವ ‘ಪಾಪಿ’ (PAPI ಎಂಬ ಇಂಗ್ಲಿಷ್ ಹ್ರಸ್ವರೂಪ) ದೀಪಗಳು ನೆರವಾಗುತ್ತವೆ: ನಾಲ್ಕರಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ, ನಾಲ್ಕೂ ಕೆಂಪಾದರೆ ವಿಮಾನ ತೀರಾ ಕೆಳಗಿದೆ.